ಮನೆಯ ರೂಟರ್‌ನ ರೂಟಿಂಗ್ ಟೇಬಲ್ ಓದುವುದು ಹೇಗೆ? ಕೊಡಗಿನ ಮನೆ, ತೋಟ, ಹೋಮ್‌ಸ್ಟೇಗಳಿಗೆ ಸಮಗ್ರ ಮಾರ್ಗದರ್ಶಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ನೆಟ್ ಹೋಗುವುದಕ್ಕೆ ಕಾರಣಗಳಿಗೇನೂ ಬರವಿಲ್ಲ. ಸಿಲ್ವರ್ ಮರದ ಕೊಂಬೆ ಲೈನಿನ ಮೇಲೆ ಬಿದ್ದಿರುತ್ತದೆ. ಕರೆಂಟ್ ಹೋಗಿರುತ್ತದೆ. ಎಲ್ಲೋ ಬರೆ ಕುಸಿದು ಕೇಬಲ್ ತುಂಡಾಗಿರುತ್ತದೆ. ಆದರೆ ಎಷ್ಟೋ ಸಲ ತೊಂದರೆ ಹೊರಗೆ ಇರುವುದೇ ಇಲ್ಲ, ಮನೆಯೊಳಗಿನ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಅದು ಗೊತ್ತಾಗದೆ ನಾವು ಕಂಪ್ಲೇಂಟ್ ಕೊಡುತ್ತೇವೆ. ಲೈನ್ ನೋಡುವ ಹುಡುಗ ಮಳೆಯಲ್ಲಿ ನಾಪೋಕ್ಲಿನಿಂದಲೋ ಗೋಣಿಕೊಪ್ಪದಿಂದಲೋ ಬೈಕ್‌ನಲ್ಲಿ ಬಂದು, ‘ನಮ್ಮ ಲೈನ್ ಸರಿ ಇದೆ’ ಅಂತ ಹೇಳಿ ಹೋಗುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ.

ತೊಂದರೆ ಒಳಗಿನದೋ ಹೊರಗಿನದೋ ಅಂತ ನಾವೇ ತಿಳಿದುಕೊಳ್ಳಲು ರೂಟರ್ ಒಳಗೆ ಒಂದು ಪುಟ ಇದೆ. ಅದೇ ರೂಟಿಂಗ್ ಟೇಬಲ್. ಇಂಟರ್‌ನೆಟ್‌ನ ನಡುವೆ ಕೂತಿರುವ ದೊಡ್ಡ ರೂಟರ್‌ಗಳ ಟೇಬಲ್‌ನಲ್ಲಿ 9 ಲಕ್ಷಕ್ಕೂ ಜಾಸ್ತಿ ಸಾಲುಗಳಿರುತ್ತವೆ. ನಮ್ಮ ಮನೆಯ ರೂಟರ್‌ನಲ್ಲಿ ಇರುವುದು ನಾಲ್ಕೋ ಐದೋ. ಅಷ್ಟನ್ನು ಓದಲು ಎಲ್ಲರೂ ಕಲಿಯಬಹುದು. ಮೊಬೈಲ್ ಸಿಗ್ನಲ್ ಕೂಡ ಸರಿಯಾಗಿ ಸಿಗದ ತೋಟದ ಮನೆಗಳಲ್ಲಿ ಇರುವವರಂತೂ ಕಲಿಯಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

## ಈ ಟೇಬಲ್ ಮಾಡುವ ಕೆಲಸ ಏನು?

ನಿಮ್ಮ ಫೋನ್ ಮಾಹಿತಿಯನ್ನು ಪ್ಯಾಕೆಟ್ ಅನ್ನುವ ಸಣ್ಣ ತುಂಡುಗಳಾಗಿ ಕಳಿಸುತ್ತದೆ. ಪ್ರತಿ ಪ್ಯಾಕೆಟ್ ಮೇಲೂ ಅದು ತಲುಪಬೇಕಾದ ಐಪಿ ವಿಳಾಸ ಇರುತ್ತದೆ. ರೂಟರ್ ಆ ವಿಳಾಸವನ್ನು ನೋಡಿ, ಟೇಬಲ್‌ನಲ್ಲಿ ಹುಡುಕಿ, ‘ಇದನ್ನು ಈ ಕಡೆಯಿಂದ ಕಳಿಸು’ ಅಂತ ತೀರ್ಮಾನ ಮಾಡುತ್ತದೆ. ಮಡಿಕೇರಿಯಲ್ಲಿ ರಸ್ತೆ ಕವಲಾಗುವ ಕಡೆ ಇರುವ ಬೋರ್ಡ್ ನೆನಪಿಸಿಕೊಳ್ಳಿ. ಮೈಸೂರಿಗಾದರೆ ಕುಶಾಲನಗರದ ಕಡೆ, ಮಂಗಳೂರಿಗಾದರೆ ಸಂಪಾಜೆ ಘಾಟಿಯ ಕಡೆ. ಮೈಸೂರಿನಲ್ಲಿ ಯಾವ ಬೀದಿಗೆ ತಿರುಗಬೇಕು ಅಂತ ಆ ಬೋರ್ಡ್ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಮುಂದೆ ಸಿಗುವ ಬೋರ್ಡ್ ಅದನ್ನು ನೋಡಿಕೊಳ್ಳುತ್ತದೆ. ರೂಟರ್ ಕೂಡ ಅಷ್ಟೇ. ಪೂರ್ತಿ ದಾರಿ ಅದಕ್ಕೆ ಗೊತ್ತಿಲ್ಲ, ಮುಂದಿನ ಒಂದು ಹೆಜ್ಜೆ ಮಾತ್ರ ಗೊತ್ತು. ಆ ಮುಂದಿನ ಹೆಜ್ಜೆಯ ವಿಳಾಸಕ್ಕೆ ಗೇಟ್‌ವೇ ಅನ್ನುತ್ತಾರೆ.

## ಹಂತ 1: ಟೇಬಲ್ ಇರುವ ಪುಟಕ್ಕೆ ಹೋಗುವುದು

ಮೊದಲು ರೂಟರ್‌ನ ವಿಳಾಸ ಬೇಕು. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಖಚಿತ ಮಾಡಿಕೊಳ್ಳಲು ಆಂಡ್ರಾಯ್ಡ್ ಫೋನ್‌ನಲ್ಲಿ ಸೆಟ್ಟಿಂಗ್ಸ್, ವೈಫೈ, ನಿಮ್ಮ ನೆಟ್‌ವರ್ಕ್‌ನ ವಿವರ ತೆರೆದು ‘ಗೇಟ್‌ವೇ’ ಅನ್ನುವ ಸಾಲು ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಅಂತ ಟೈಪ್ ಮಾಡಿದರೆ ‘ಡಿಫಾಲ್ಟ್ ಗೇಟ್‌ವೇ’ ಎದುರು ಸಿಗುತ್ತದೆ.

ಆ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ. ಲಾಗಿನ್ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್‌ನ ತಳದ ಸ್ಟಿಕ್ಕರ್ ಮೇಲೆ ಇರುತ್ತದೆ. ಇನ್ನೂ ಅದೇ ಪಾಸ್‌ವರ್ಡ್ ನಡೆಯುತ್ತಿದ್ದರೆ ಮೊದಲು ಅದನ್ನು ಬದಲಿಸಿ. ಹೋಮ್‌ಸ್ಟೇ ಆದರಂತೂ ಬಂದವರೆಲ್ಲ ಆ ಸ್ಟಿಕ್ಕರ್ ನೋಡಬಹುದು.

ಒಳಗೆ ಹೋದ ಮೇಲೆ ಮೆನು ಒಂದೊಂದು ಕಂಪನಿಯದು ಒಂದೊಂದು ಥರ. ಟಿಪಿ-ಲಿಂಕ್ ಆರ್ಚರ್ ಮಾದರಿಗಳಲ್ಲಿ ಹೆಚ್ಚಾಗಿ ಅಡ್ವಾನ್ಸ್ಡ್, ನೆಟ್‌ವರ್ಕ್, ರೂಟಿಂಗ್ ಅಂತ ಹೋಗಬೇಕು. ಬೇರೆಯವುಗಳಲ್ಲಿ ಸ್ಟೇಟಸ್ ಅಥವಾ ಡಿವೈಸ್ ಇನ್ಫೋ ಅಡಿಯಲ್ಲಿ ‘ರೂಟ್’ ಅನ್ನುವ ಹೆಸರಿನಲ್ಲಿ ಇರುತ್ತದೆ. ಫೈಬರ್ ಕಂಪನಿಯವರೇ ಕೊಟ್ಟ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಈ ಪುಟವನ್ನೇ ಮುಚ್ಚಿಟ್ಟಿರುತ್ತಾರೆ. ಆಗ ವ್ಯಾನ್ (ಕಂಪನಿಯ ಕಡೆಯ ಸಂಪರ್ಕ) ಸ್ಟೇಟಸ್ ಪುಟದಲ್ಲಿ ಐಪಿ ಮತ್ತು ಗೇಟ್‌ವೇ ಆದರೂ ಸಿಗುತ್ತದೆ. ಅರ್ಧ ಕೆಲಸ ಅದರಿಂದಲೇ ಆಗುತ್ತದೆ.

ನಿಮ್ಮ ಕಂಪ್ಯೂಟರ್‌ಗೂ ಅದರದೇ ಒಂದು ರೂಟಿಂಗ್ ಟೇಬಲ್ ಇದೆ. ವಿಂಡೋಸ್‌ನಲ್ಲಿ ‘ರೂಟ್ ಪ್ರಿಂಟ್’, ಲಿನಕ್ಸ್‌ನಲ್ಲಿ ‘ಐಪಿ ರೂಟ್’, ಮ್ಯಾಕ್‌ನಲ್ಲಿ ‘ನೆಟ್‌ಸ್ಟ್ಯಾಟ್’ ಬರೆದು ಒಂದು ಸ್ಪೇಸ್ ಬಿಟ್ಟು ಮೈನಸ್ ಗುರುತು, ಅದಕ್ಕೆ ಅಂಟಿಸಿ ಆರ್, ಎನ್. ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ. ಕಲಿಯಲು ಇದು ಒಳ್ಳೆಯ ಜಾಗ. ಸುಮ್ನೆ ನೋಡುವುದರಿಂದ ಏನೂ ಹಾಳಾಗುವುದಿಲ್ಲ.

## ಹಂತ 2: ಸಾಲು ಸಾಲಾಗಿ ಓದುವುದು

ಪಿಪಿಪಿಒಇ ಮೂಲಕ, ಅಂದರೆ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಫೈಬರ್ ರೂಟರ್‌ನ ಟೇಬಲ್ ಸುಮಾರಾಗಿ ಹೀಗಿರುತ್ತದೆ. ವಿಳಾಸಗಳು ಉದಾಹರಣೆಗೆ ಮಾತ್ರ.

| ಡೆಸ್ಟಿನೇಶನ್ | ಮಾಸ್ಕ್ | ಗೇಟ್‌ವೇ | ಫ್ಲ್ಯಾಗ್ | ಮೆಟ್ರಿಕ್ | ಇಂಟರ್ಫೇಸ್ |
|---|---|---|---|---|---|
| 0.0.0.0 | 0.0.0.0 | 100.72.0.1 | ಯುಜಿ | 0 | ಪಿಪಿಪಿ0 |
| 100.72.0.1 | 255.255.255.255 | 0.0.0.0 | ಯುಎಚ್ | 0 | ಪಿಪಿಪಿ0 |
| 192.168.1.0 | 255.255.255.0 | 0.0.0.0 | ಯು | 0 | ಬಿಆರ್0 |
| 239.0.0.0 | 255.0.0.0 | 0.0.0.0 | ಯು | 0 | ಬಿಆರ್0 |

ಮೂರನೇ ಸಾಲಿನಿಂದ ಶುರು ಮಾಡೋಣ, ಅದು ಎಲ್ಲಕ್ಕಿಂತ ಸುಲಭ. 192.168.1.0 ಅಂದರೆ ನಿಮ್ಮ ಮನೆಯ ನೆಟ್‌ವರ್ಕ್. ಗೇಟ್‌ವೇ ಜಾಗದಲ್ಲಿ 0.0.0.0 ಇದ್ದರೆ ‘ಮಧ್ಯೆ ಯಾರೂ ಬೇಡ, ನಾನೇ ನೇರವಾಗಿ ತಲುಪಿಸುತ್ತೇನೆ’ ಅಂತ ಅರ್ಥ. ವಿಂಡೋಸ್‌ನಲ್ಲಿ ಇದೇ ಜಾಗದಲ್ಲಿ ‘ಆನ್-ಲಿಂಕ್’ ಅಂತ ಬರುತ್ತದೆ. ಬಿಆರ್0 ಅನ್ನುವುದು ಮನೆಯ ಕಡೆಯ ಇಂಟರ್ಫೇಸ್, ಅಂದರೆ ಪ್ಯಾಕೆಟ್ ಹೊರಡುವ ಬಾಗಿಲು. ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಪೋರ್ಟ್‌ಗಳನ್ನೂ ವೈಫೈಯನ್ನೂ ಒಟ್ಟು ಸೇರಿಸಿದ ಹೆಸರು ಅದು.

ಮೊದಲನೇ ಸಾಲು ಡಿಫಾಲ್ಟ್ ರೂಟ್. ಡೆಸ್ಟಿನೇಶನ್ ಸೊನ್ನೆ, ಮಾಸ್ಕ್ ಸೊನ್ನೆ. ಬೇರೆ ಯಾವ ಸಾಲಿಗೂ ಸೇರದ ವಿಳಾಸಗಳೆಲ್ಲ ಇಲ್ಲಿಗೆ ಬರುತ್ತವೆ. ಯೂಟ್ಯೂಬ್, ಬ್ಯಾಂಕ್, ವಾಟ್ಸಾಪ್, ಇಡೀ ಹೊರಜಗತ್ತು ಈ ಒಂದು ಸಾಲಿನ ಮೇಲೆ ನಿಂತಿದೆ. ಟೇಬಲ್ ತೆರೆದ ಕೂಡಲೇ ಕಣ್ಣು ಮೊದಲು ಈ ಸಾಲನ್ನೇ ಹುಡುಕಬೇಕು. ಇದು ಇಲ್ಲದಿದ್ದರೆ ನೆಟ್ ಇಲ್ಲ. ಅದರಲ್ಲಿ ಎರಡು ಮಾತಿಲ್ಲ.

ಎರಡನೇ ಸಾಲು ಕಂಪನಿಯ ಕಡೆಯ ಗೇಟ್‌ವೇ ಎಲ್ಲಿದೆ ಅಂತ ಹೇಳುತ್ತದೆ. ಮಾಸ್ಕ್ 255.255.255.255 ಅಂದರೆ ಇದು ನೆಟ್‌ವರ್ಕ್ ಅಲ್ಲ, ಒಂದೇ ಒಂದು ವಿಳಾಸ. ನಾಲ್ಕನೇ ಸಾಲು ಮಲ್ಟಿಕಾಸ್ಟ್. ಟಿವಿ, ಫೋನ್, ಪ್ರಿಂಟರ್‌ಗಳು ಮನೆಯೊಳಗೆ ಒಂದನ್ನೊಂದು ಹುಡುಕಲು ಬಳಸುವ 239.255.255.250 ಥರದ ವಿಳಾಸಗಳು ಅದರಲ್ಲಿ ಬರುತ್ತವೆ. ನೋಡಿ ಮುಂದೆ ಹೋಗಿ.

ಫ್ಲ್ಯಾಗ್‌ಗಳಲ್ಲಿ ಮೂರು ಗೊತ್ತಿದ್ದರೆ ಸಾಕು. ಯು ಅಂದರೆ ಸಾಲು ಚಾಲ್ತಿಯಲ್ಲಿದೆ. ಜಿ ಅಂದರೆ ಗೇಟ್‌ವೇ ಮೂಲಕ ಹೋಗಬೇಕು. ಎಚ್ ಅಂದರೆ ಒಂದೇ ಹೋಸ್ಟ್‌ಗೆ (ಸಾಧನಕ್ಕೆ) ಇರುವ ದಾರಿ. ಮೆಟ್ರಿಕ್ ಬಗ್ಗೆ ಮುಂದೆ ಬರೆಯುತ್ತೇನೆ.

ನಿಮ್ಮದು ಪಿಪಿಪಿಒಇ ಅಲ್ಲದೆ ಡಿಎಚ್‌ಸಿಪಿ (ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ) ಆಗಿದ್ದರೆ ಎರಡನೇ ಸಾಲಿನ ಜಾಗದಲ್ಲಿ ಕಂಪನಿಯ ಕಡೆಯ ಒಂದು ಪೂರ್ತಿ ನೆಟ್‌ವರ್ಕ್ ಕಾಣುತ್ತದೆ. ಮಾಸ್ಕ್ 255.255.240.0 ಥರದ್ದೇನಾದರೂ ಇರಬಹುದು. ಗಾಬರಿ ಬೇಡ, ಅದನ್ನು ಓದುವ ಬಗೆ ಈಗ ನೋಡೋಣ.

## ಹಂತ 3: ಮಾಸ್ಕ್ ಅರ್ಥ ಮಾಡಿಕೊಳ್ಳುವುದು

255 ಇರುವ ಕಡೆ ಅಂಕಿ ಹಾಗೇ ಹೊಂದಬೇಕು. 0 ಇರುವ ಕಡೆ ಏನಿದ್ದರೂ ಆಗುತ್ತದೆ. 192.168.1.0 ಜೊತೆ 255.255.255.0 ಇದ್ದರೆ ಮೊದಲ ಮೂರು ಅಂಕಿ 192, 168, 1 ಆಗಿರಲೇಬೇಕು, ಕೊನೆಯದು 0ಯಿಂದ 255ರವರೆಗೆ ಏನಾದರೂ ಇರಬಹುದು. ಒಟ್ಟು 256 ವಿಳಾಸ. ಮೊದಲನೆಯದು ನೆಟ್‌ವರ್ಕ್‌ನ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ, ಅಂದರೆ ಎಲ್ಲ ಸಾಧನಗಳಿಗೂ ಒಟ್ಟಿಗೆ ಕಳಿಸಲು, ಹೋಗುತ್ತದೆ. ಉಳಿದ 254 ನಮ್ಮ ಸಾಧನಗಳಿಗೆ. ಇದನ್ನೇ ಚಿಕ್ಕದಾಗಿ 192.168.1.0/24 ಅಂತ ಬರೆಯುತ್ತಾರೆ. ವಿಳಾಸದ ಒಂದೊಂದು ಅಂಕಿಯೂ 8 ಬಿಟ್. 24 ಅಂದರೆ ಮುಂದಿನಿಂದ 24 ಬಿಟ್‌ಗಳು, ಅಂದರೆ ಮೊದಲ ಮೂರು ಅಂಕಿ, ಹೊಂದಬೇಕು ಅಂತ.

255ಕ್ಕೂ 0ಗೂ ನಡುವಿನ ಅಂಕಿ ಬಂದರೆ ಒಂದು ಸುಲಭ ಲೆಕ್ಕ ಇದೆ. 256ರಿಂದ ಆ ಅಂಕಿಯನ್ನು ಕಳೆಯಿರಿ. 240 ಆದರೆ ಉಳಿಯುವುದು 16. ಅಂದರೆ ಆ ಜಾಗದ ಅಂಕಿಗಳು 16ರ ಗುಂಪುಗಳಲ್ಲಿ ಹೋಗುತ್ತವೆ: 0ಯಿಂದ 15, 16ರಿಂದ 31, 32ರಿಂದ 47, ಹೀಗೆ. ಹಾಗಾಗಿ 10.20.32.0, ಮಾಸ್ಕ್ 255.255.240.0 ಅನ್ನುವ ಸಾಲು 10.20.32.0ರಿಂದ 10.20.47.255ರವರೆಗಿನ ಎಲ್ಲ ವಿಳಾಸಗಳಿಗೂ ಅನ್ವಯ ಆಗುತ್ತದೆ.

ಇದೇ ಜಾಗದಲ್ಲಿ ಕೆಲವು ವಿಳಾಸಗಳನ್ನು ಗುರುತು ಹಿಡಿಯಲು ಕಲಿತುಬಿಡಿ. 1996ರಲ್ಲಿ ಬಂದ ಆರ್‌ಎಫ್‌ಸಿ 1918 ಅನ್ನುವ ಇಂಟರ್‌ನೆಟ್ ನಿಯಮಗಳ ದಾಖಲೆಯ ಪ್ರಕಾರ 10.0.0.0/8, 172.16.0.0/12, 192.168.0.0/16 ಈ ಮೂರು ಗುಂಪುಗಳು ಖಾಸಗಿ ಬಳಕೆಗೆ ಮೀಸಲು. ಮನೆ, ಆಫೀಸ್‌ಗಳ ಒಳಗೆ ಬಳಸಲು ಮಾತ್ರ. 169.254ರಿಂದ ಶುರುವಾಗುವ ವಿಳಾಸ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಂಡರೆ ರೂಟರ್‌ನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ ಅಂತ ತಿಳಿಯಿರಿ. ಆಗ ರೂಟಿಂಗ್ ಟೇಬಲ್ ನೋಡುವ ಮೊದಲು ಕೇಬಲ್, ವೈಫೈ ಸರಿ ಇದೆಯಾ ನೋಡಬೇಕು.

ಇನ್ನೊಂದು ಗುಂಪು 100.64.0.0/10. ಅಂದರೆ 100.64ರಿಂದ 100.127ರವರೆಗೆ. 2012ರಲ್ಲಿ ಇದನ್ನು ಇಂಟರ್‌ನೆಟ್ ಕಂಪನಿಗಳ ಹಂಚಿಕೆಯ ಬಳಕೆಗೆ ಬಿಟ್ಟರು. ನಿಮ್ಮ ರೂಟರ್‌ನ ವ್ಯಾನ್ ವಿಳಾಸ ಈ ಗುಂಪಿನಲ್ಲಿದ್ದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ, ಇಲ್ಲ. ಎಷ್ಟೋ ಮನೆಗಳು ಸೇರಿ ಒಂದೇ ಪಬ್ಲಿಕ್ ಐಪಿಯಿಂದ ಹೊರಗೆ ಹೋಗುತ್ತಿರುತ್ತವೆ. ಇದು ತೋಟದ ಮನೆಯವರಿಗೆ ಬಹಳ ಮುಖ್ಯ ವಿಷಯ. ಬೆಂಗಳೂರಿನಲ್ಲಿರುವ ಮಗಳು ತೋಟದ ಕ್ಯಾಮೆರಾ ನೋಡಲಿ ಅಂತ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ರೂಟರ್ ಒಳಗಿನ ಒಂದು ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಮಾಡಿ, ಅದು ನಡೆಯದೆ, ಕ್ಯಾಮೆರಾವೇ ಸರಿ ಇಲ್ಲ ಅಂತ ಬೈಯುವವರಿದ್ದಾರೆ. ಕ್ಯಾಮೆರಾದ ತಪ್ಪಲ್ಲ. ಹೊರಗಿನಿಂದ ಬರುವ ಸಂಪರ್ಕ ಕಂಪನಿಯ ಹತ್ತಿರವೇ ನಿಂತುಹೋಗುತ್ತದೆ, ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಕ್ಯಾಮೆರಾದ ಸ್ವಂತ ಆ್ಯಪ್ ಬಳಸಿ, ಇಲ್ಲವೇ ಕಂಪನಿಯಿಂದ ಸ್ಟ್ಯಾಟಿಕ್ (ಬದಲಾಗದ) ಪಬ್ಲಿಕ್ ಐಪಿ ಕೇಳಿ ಪಡೆಯಿರಿ.

## ಹಂತ 4: ಎರಡು ಸಾಲು ಹೊಂದಿದರೆ ಗೆಲ್ಲುವುದು ಯಾವುದು?

192.168.1.35ಕ್ಕೆ ಒಂದು ಪ್ಯಾಕೆಟ್ ಬಂತು ಅಂದುಕೊಳ್ಳಿ. ಮೂರನೇ ಸಾಲಿಗೆ ಹೊಂದುತ್ತದೆ. ಆದರೆ ಡಿಫಾಲ್ಟ್ ರೂಟ್‌ಗೂ ಹೊಂದುತ್ತದೆ, ಯಾಕೆಂದರೆ ಅಲ್ಲಿ ಎಲ್ಲವೂ ಸೊನ್ನೆ. ಆಗ ರೂಟರ್ ಹೆಚ್ಚು ಬಿಟ್‌ಗಳು ಹೊಂದುವ ಸಾಲನ್ನು ಆರಿಸುತ್ತದೆ. 24 ಬಿಟ್ ಹೊಂದಿದ ಸಾಲು, 0 ಬಿಟ್ ಹೊಂದಿದ ಸಾಲಿಗಿಂತ ಮೇಲು. ಸಾಲುಗಳು ಯಾವ ಕ್ರಮದಲ್ಲಿ ಬರೆದಿವೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಮೇಲಿನ ಸಾಲಿನಿಂದ ಒಂದೊಂದೇ ನೋಡುತ್ತಾ ಬರುತ್ತದೆ ಅಂತ ತುಂಬಾ ಜನ ತಿಳಿದಿರುತ್ತಾರೆ. ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಹೇಳುವ ಫೈರ್‌ವಾಲ್ ನಿಯಮಗಳು ಹಾಗೆ ಕೆಲಸ ಮಾಡುತ್ತವೆ, ರೂಟಿಂಗ್ ಟೇಬಲ್ ಹಾಗಲ್ಲ.

ಮೆಟ್ರಿಕ್ ಬರುವುದು ಇದಾದ ಮೇಲೆ. ಎರಡು ಸಾಲುಗಳ ಡೆಸ್ಟಿನೇಶನ್ ಮತ್ತು ಮಾಸ್ಕ್ ಎರಡೂ ಒಂದೇ ಆಗಿದ್ದರೆ ಮಾತ್ರ ಮೆಟ್ರಿಕ್ ನೋಡುತ್ತಾರೆ, ಕಡಿಮೆ ಇರುವುದು ಗೆಲ್ಲುತ್ತದೆ. ಲ್ಯಾಪ್‌ಟಾಪ್‌ಗೆ ವೈಫೈಯೂ ಇದೆ, ಲ್ಯಾನ್ ಕೇಬಲ್ಲೂ ಹಾಕಿದ್ದೀರಿ ಅಂದರೆ ‘ರೂಟ್ ಪ್ರಿಂಟ್’ನಲ್ಲಿ ಎರಡು ಡಿಫಾಲ್ಟ್ ರೂಟ್ ಕಾಣುತ್ತದೆ. ಕಡಿಮೆ ಮೆಟ್ರಿಕ್ ಇರುವ ದಾರಿಯಲ್ಲಿ ನೆಟ್ ಹೋಗುತ್ತಿರುತ್ತದೆ.

ಮನೆಯಿಂದ ಆಫೀಸ್ ಕೆಲಸ ಮಾಡುವವರು ಈ ನಿಯಮವನ್ನು ವಿಪಿಎನ್‌ನಲ್ಲಿ, ಅಂದರೆ ಆಫೀಸ್ ನೆಟ್‌ವರ್ಕ್‌ಗೆ ಇಂಟರ್‌ನೆಟ್ ಮೂಲಕ ಸೇರುವ ಖಾಸಗಿ ದಾರಿಯಲ್ಲಿ, ಕಣ್ಣಾರೆ ನೋಡಬಹುದು. ಓಪನ್‌ವಿಪಿಎನ್ ಅನ್ನುವ ವಿಪಿಎನ್ ತಂತ್ರಾಂಶದಲ್ಲಿ, ಎಲ್ಲ ಟ್ರಾಫಿಕ್ಕನ್ನೂ ತನ್ನೊಳಗೆ ಎಳೆದುಕೊಳ್ಳಬೇಕಾದಾಗ ಹಳೆಯ ಡಿಫಾಲ್ಟ್ ರೂಟನ್ನು ಅಳಿಸದೆಯೇ 0.0.0.0/1 ಮತ್ತು 128.0.0.0/1 ಅಂತ ಎರಡು ಸಾಲು ಸೇರಿಸುವ ಆಯ್ಕೆ ಇದೆ. ಎರಡೂ ಸೇರಿದರೆ ಇಡೀ ಇಂಟರ್‌ನೆಟ್. ಒಂದು ಬಿಟ್ ಹೊಂದುವುದರಿಂದ ಸೊನ್ನೆ ಬಿಟ್‌ನ ಡಿಫಾಲ್ಟ್ ರೂಟ್ ಸೋಲುತ್ತದೆ. ವಿಪಿಎನ್ ಆಫ್ ಮಾಡಿದ ಕೂಡಲೇ ಆ ಎರಡು ಸಾಲು ಹೋಗಿ, ಹಳೆಯದು ತಾನಾಗಿ ಚಾಲ್ತಿಗೆ ಬರುತ್ತದೆ. ಎಷ್ಟು ಚಂದದ ಉಪಾಯ ಅಲ್ವಾ?

ತೊಂದರೆ ಬರುವುದು ಆಫೀಸ್ ನೆಟ್‌ವರ್ಕ್ ಕೂಡ 192.168 ಗುಂಪಿನಲ್ಲಿದ್ದಾಗ. ವಿಪಿಎನ್ 192.168.0.0/16 ಅಂತ ಸಾಲು ಸೇರಿಸಿದೆ, ಆಫೀಸ್‌ನ ಸರ್ವರ್ 192.168.1.50ರಲ್ಲಿದೆ, ನಿಮ್ಮ ಮನೆಯದೂ 192.168.1.0/24. ಈಗ ಮನೆಯ ಸಾಲು 24 ಬಿಟ್, ಆಫೀಸಿನದು 16. ಪ್ಯಾಕೆಟ್ ಆಫೀಸಿಗೆ ಹೋಗುವುದೇ ಇಲ್ಲ, ನಿಮ್ಮ ಮನೆಯೊಳಗೇ 50ನೇ ನಂಬರಿನ ಸಾಧನವನ್ನು ಹುಡುಕುತ್ತದೆ. ಮನೆಯ ರೂಟರ್‌ನ ಲ್ಯಾನ್ ವಿಳಾಸವನ್ನು 10.77.5.1 ಥರ ಯಾರೂ ಸಾಮಾನ್ಯವಾಗಿ ಬಳಸದ ನೆಟ್‌ವರ್ಕ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಆಫೀಸಿನಲ್ಲಿ 10ರ ಗುಂಪನ್ನೇ ಪೂರ್ತಿ ಬಳಸುತ್ತಿದ್ದರೆ 172.16ರ ಗುಂಪಿನಿಂದ ಒಂದನ್ನು ಆರಿಸಿ.

## ಹಂತ 5: ನೆಟ್ ಹೋದಾಗ ನೋಡುವ ಕ್ರಮ

ಮೊದಲು ಫೈಬರ್ ಪೆಟ್ಟಿಗೆಯ ದೀಪ ನೋಡಿ. ‘ಲಾಸ್’ ಅನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಅಂದರೆ ಫೈಬರ್ ಎಲ್ಲೋ ತುಂಡಾಗಿದೆ ಅಥವಾ ಮಡಚಿದೆ. ಕಂಪ್ಲೇಂಟ್ ಕೊಡಿ, ಮುಂದಿನದು ಯಾವುದೂ ಬೇಕಾಗಿಲ್ಲ.

ದೀಪ ಸರಿ ಇದ್ದರೆ ರೂಟಿಂಗ್ ಟೇಬಲ್ ತೆರೆಯಿರಿ. ಡಿಫಾಲ್ಟ್ ರೂಟ್ ಇಲ್ಲವೇ ಇಲ್ಲ ಅಂದರೆ ರೂಟರ್‌ಗೆ ಕಂಪನಿಯಿಂದ ವಿಳಾಸ ಸಿಕ್ಕಿಲ್ಲ. ಪಿಪಿಪಿಒಇ ಆಗಿದ್ದರೆ ಲಾಗಿನ್ ಆಗಿಲ್ಲ. ಪಾಸ್‌ವರ್ಡ್, ರೀಚಾರ್ಜ್ ಮುಗಿದಿದೆಯಾ, ಇವನ್ನು ನೋಡಿ.

ಡಿಫಾಲ್ಟ್ ರೂಟ್ ಇದೆ, ಆದರೂ ನೆಟ್ ಇಲ್ಲ. ಇಲ್ಲಿ ಸ್ವಲ್ಪ ಗಮನ ಬೇಕು. ಟೇಬಲ್‌ನಲ್ಲಿ ಸಾಲು ಇದೆ ಅಂದಮಾತ್ರಕ್ಕೆ ಆ ದಾರಿ ತೆರೆದಿದೆ ಅಂತ ಅಲ್ಲ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದು, ಮಧ್ಯೆ ಲ್ಯಾನ್ ಕೇಬಲ್ ಇರುವ ಮನೆಗಳಲ್ಲಿ ಹೊರಗೆ ಫೈಬರ್ ತುಂಡಾದರೂ ಆ ಕೇಬಲ್ ಜೀವಂತವಾಗಿಯೇ ಇರುತ್ತದೆ. ಡಿಎಚ್‌ಸಿಪಿಯಲ್ಲಿ ಸಿಕ್ಕ ವಿಳಾಸದ ಅವಧಿ ಮುಗಿಯುವವರೆಗೂ ರೂಟರ್ ಆ ಸಾಲನ್ನು ಇಟ್ಟುಕೊಂಡಿರಬಹುದು. ಪಿಪಿಪಿಒಇಯಲ್ಲಿ ಹಾಗಲ್ಲ. ಆಚೆ ಕಡೆಯಿಂದ ಉತ್ತರ ನಿಂತರೆ ಸ್ವಲ್ಪ ಹೊತ್ತಿನಲ್ಲಿ ಸೆಷನ್ ಕಡಿದು, ಸಾಲೂ ಹೋಗುತ್ತದೆ.

ಹಾಗಾಗಿ ಮುಂದಿನ ಹೆಜ್ಜೆ ಪಿಂಗ್, ಅಂದರೆ ಒಂದು ವಿಳಾಸಕ್ಕೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್’ ಬರೆದು, ಸ್ಪೇಸ್ ಬಿಟ್ಟು ವಿಳಾಸ ಹಾಕಿ. ಕಂಪ್ಯೂಟರ್‌ನಿಂದ ಮೊದಲು ನಿಮ್ಮ ರೂಟರ್ 192.168.1.1, ಆಮೇಲೆ ಡಿಫಾಲ್ಟ್ ರೂಟ್‌ನಲ್ಲಿ ಕಂಡ ಗೇಟ್‌ವೇ, ಆಮೇಲೆ ಗೂಗಲ್‌ನ ಸರ್ವರ್ ಆದ 8.8.8.8. ಮೊದಲನೆಯದಕ್ಕೇ ಉತ್ತರ ಬರದಿದ್ದರೆ ತೊಂದರೆ ನಿಮ್ಮ ವೈಫೈ ಅಥವಾ ಕೇಬಲ್‌ನದು. ಮೊದಲನೆಯದು ಸರಿ, ಉಳಿದ ಎರಡೂ ಇಲ್ಲ ಅಂದರೆ ತೊಂದರೆ ರೂಟರ್‌ನಿಂದ ಹೊರಗೆ. ಗೇಟ್‌ವೇ ಉತ್ತರ ಕೊಡುತ್ತದೆ, 8.8.8.8 ಮಾತ್ರ ಕೊಡುವುದಿಲ್ಲ ಅಂದರೆ ತೊಂದರೆ ಕಂಪನಿಯ ಒಳಗೆ. ಕೆಲವು ಕಂಪನಿಗಳ ಗೇಟ್‌ವೇ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ನೆಟ್ ಚೆನ್ನಾಗಿರುವ ದಿನವೇ ಒಮ್ಮೆ ಪರೀಕ್ಷೆ ಮಾಡಿ, ಟೇಬಲ್‌ನ ಒಂದು ಫೋಟೋ ಕೂಡ ತೆಗೆದಿಟ್ಟುಕೊಳ್ಳಿ.

8.8.8.8ಗೆ ಪಿಂಗ್ ಹೋಗುತ್ತದೆ, ಆದರೆ ಯಾವ ಸೈಟೂ ತೆರೆಯುವುದಿಲ್ಲ ಅಂದರೆ ರೂಟಿಂಗ್‌ನ ಮೇಲೆ ಅನುಮಾನ ಬೇಡ. ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಡಿಎನ್‌ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ಹಾಕಿ ನೋಡಿ.

ಇನ್ನೂ ಆಳಕ್ಕೆ ಹೋಗಬೇಕಾದರೆ ಟ್ರೇಸ್‌ರೂಟ್. ಪ್ಯಾಕೆಟ್ ದಾರಿಯಲ್ಲಿ ಯಾವ ಯಾವ ರೂಟರ್ ದಾಟುತ್ತದೆ ಅಂತ ಇದು ಸಾಲಾಗಿ ತೋರಿಸುತ್ತದೆ. ವಿಂಡೋಸ್‌ನಲ್ಲಿ ಟ್ರೇಸ್ ಅನ್ನುವುದರ ಕೊನೆಗೆ ಅಂಟಿಸಿ ಆರ್, ಟಿ ಎರಡಕ್ಷರ ಸೇರಿಸಿ, ಸ್ಪೇಸ್ ಬಿಟ್ಟು 8.8.8.8 ಟೈಪ್ ಮಾಡಿ. ಮೊದಲ ಸಾಲಿನಲ್ಲಿ ನಿಮ್ಮ ರೂಟರ್, ಎರಡನೆಯದರಲ್ಲಿ ಸಾಮಾನ್ಯವಾಗಿ ಕಂಪನಿಯ ಗೇಟ್‌ವೇ. ಅಲ್ಲಲ್ಲಿ ನಕ್ಷತ್ರ ಚಿಹ್ನೆ ಬಂದರೆ ತಪ್ಪಿಲ್ಲ, ಆ ರೂಟರ್ ಉತ್ತರ ಕೊಡಲು ಇಷ್ಟಪಡಲಿಲ್ಲ ಅಷ್ಟೇ. ಆದರೆ ಎರಡೇ ವಿಳಾಸಗಳು ಒಂದಾದ ಮೇಲೊಂದು ತಿರುತಿರುಗಿ ಬಂದು 30ರವರೆಗೂ ಹೋದರೆ ಅದು ರೂಟಿಂಗ್ ಲೂಪ್. ಎರಡು ರೂಟರ್‌ಗಳು ‘ಅವನ ಹತ್ತಿರ ಹೋಗು’ ಅಂತ ಒಬ್ಬರಿಗೊಬ್ಬರು ತಳ್ಳುತ್ತಿವೆ. ಆ ವಿಳಾಸಗಳು ನಿಮ್ಮ ಮನೆಯವಲ್ಲದಿದ್ದರೆ ನೀವು ಮಾಡುವುದೇನೂ ಇಲ್ಲ, ಸ್ಕ್ರೀನ್‌ಶಾಟ್ ಕಂಪನಿಗೆ ಕಳಿಸಿ.

ಕಂಪ್ಲೇಂಟ್ ಕೊಡುವಾಗ ಹೀಗೆ ಹೇಳಿ: ‘ಫೈಬರ್ ದೀಪ ಸರಿ ಇದೆ, ವ್ಯಾನ್ ಐಪಿ ಸಿಕ್ಕಿದೆ, ಡಿಫಾಲ್ಟ್ ರೂಟ್ ಇದೆ, ಗೇಟ್‌ವೇಗೆ ಪಿಂಗ್ ಹೋಗುತ್ತದೆ, ಅದರಾಚೆ ಹೋಗುತ್ತಿಲ್ಲ.’ ಇಷ್ಟು ಹೇಳಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಅನ್ನುವ ಮಾತಿನಿಂದ ಶುರು ಮಾಡಬೇಕಾಗುವುದಿಲ್ಲ.

## ಹಂತ 6: ಕಣದ ಕ್ಯಾಮೆರಾ ಮತ್ತು ಎರಡನೇ ರೂಟರ್

ಕೊಡಗಿನ ತೋಟದ ಮನೆಗಳಲ್ಲಿ ಒಂದು ರೂಟರ್ ಸಾಲುವುದಿಲ್ಲ. ಮನೆ ಒಂದು ಕಡೆ, ಕಾಫಿ ಒಣಗಿಸುವ ಕಣ ಮತ್ತು ಗೋಡೌನ್ ಇನ್ನೊಂದು ಕಡೆ. ಕುಯ್ಲಿನ ಸಮಯದಲ್ಲಿ ಕಣದ ಮೇಲೆ ಕಣ್ಣಿಡಲು ಕ್ಯಾಮೆರಾ ಬೇಕು. ಹಳೆಯದೊಂದು ರೂಟರ್ ಗೋಡೌನಿನಲ್ಲಿ ಇಟ್ಟು, ಮನೆಯ ರೂಟರ್‌ನಿಂದ ಅದರ ವ್ಯಾನ್ ಪೋರ್ಟ್‌ಗೆ ಸಂಪರ್ಕ ಕೊಡುತ್ತಾರೆ. ಅಲ್ಲಿಂದ ತೊಂದರೆ ಶುರು.

ಮೊದಲ ತೊಂದರೆ: ಎರಡೂ ರೂಟರ್‌ಗಳು 192.168.1.1. ಗೋಡೌನಿನ ರೂಟರ್‌ನ ಟೇಬಲ್‌ನಲ್ಲಿ 192.168.1.0 ಒಳಗಡೆಯೂ ಇದೆ, ಹೊರಗಡೆಯೂ ಇದೆ. ಯಾವ ಕಡೆ ಕಳಿಸಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ. ಗೋಡೌನಿನ ರೂಟರ್‌ನ ಲ್ಯಾನ್ ವಿಳಾಸವನ್ನು 192.168.2.1ಕ್ಕೆ ಬದಲಿಸಿ. ಕ್ಯಾಮೆರಾಕ್ಕೆ 192.168.2.20 ಸಿಕ್ಕಿತು ಅನ್ನೋಣ. ಕ್ಯಾಮೆರಾಕ್ಕೆ ಈಗ ನೆಟ್ ಬರುತ್ತದೆ.

ಆದರೆ ಮನೆಯ ಲ್ಯಾಪ್‌ಟಾಪ್‌ನಿಂದ 192.168.2.20 ತೆರೆದರೆ ಏನೂ ಬರುವುದಿಲ್ಲ. ಏನಾಯಿತು ಅಂತ ಟೇಬಲ್ ಹಿಡಿದು ನೋಡಿ. ಲ್ಯಾಪ್‌ಟಾಪ್‌ಗೆ 192.168.2ರ ಬಗ್ಗೆ ಗೊತ್ತಿಲ್ಲ, ಹಾಗಾಗಿ ಮನೆಯ ರೂಟರ್‌ಗೆ ಕೊಡುತ್ತದೆ. ಮನೆಯ ರೂಟರ್‌ನಲ್ಲಿ 192.168.1.0 ಸಾಲು ಇದೆ, ಹೊಂದುವುದಿಲ್ಲ, ಮೂರನೇ ಅಂಕಿ 2. ಉಳಿದದ್ದು ಡಿಫಾಲ್ಟ್ ರೂಟ್. ಹಾಗಾಗಿ ಅದು ಪ್ಯಾಕೆಟ್ಟನ್ನು ಇಂಟರ್‌ನೆಟ್ ಕಡೆಗೆ ಕಳಿಸಿಬಿಡುತ್ತದೆ! ಕಣ್ಣೆದುರಿನ ಕಣಕ್ಕೆ ಹೋಗಬೇಕಾದದ್ದು ಕಂಪನಿಯ ಎಕ್ಸ್‌ಚೇಂಜ್ ಕಡೆ ಹೊರಟು, ಅಲ್ಲಿ ಎಲ್ಲೋ ಬಿದ್ದುಹೋಗುತ್ತದೆ.

ಇದಕ್ಕೆ ಪರಿಹಾರ ಸ್ಟ್ಯಾಟಿಕ್ ರೂಟ್, ಅಂದರೆ ಟೇಬಲ್‌ಗೆ ನಾವೇ ಕೈಯಾರೆ ಸೇರಿಸುವ ಸಾಲು. ಮನೆಯ ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟಿಂಗ್ ಪುಟ ತೆರೆದು ಹೀಗೆ ತುಂಬಿ:

- ಡೆಸ್ಟಿನೇಶನ್: 192.168.2.0
- ಮಾಸ್ಕ್: 255.255.255.0
- ಗೇಟ್‌ವೇ: 192.168.1.2
- ಇಂಟರ್ಫೇಸ್: ಲ್ಯಾನ್

192.168.1.2 ಅನ್ನುವುದು ಗೋಡೌನಿನ ರೂಟರ್‌ನ ವ್ಯಾನ್ ವಿಳಾಸ. ಅದು ಬದಲಾಗದಂತೆ ಅಲ್ಲಿ ಸ್ಟ್ಯಾಟಿಕ್ ಆಗಿ ಹಾಕಿ. ಮನೆಯ ರೂಟರ್ ಡಿಎಚ್‌ಸಿಪಿಯಲ್ಲಿ ಹಂಚುವ ವಿಳಾಸಗಳ ಪಟ್ಟಿಯಿಂದ ಆ ನಂಬರು ಹೊರಗಿರಬೇಕು. ಇಲ್ಲದಿದ್ದರೆ ಒಂದು ದಿನ ಯಾರದೋ ಫೋನ್‌ಗೆ ಅದೇ ವಿಳಾಸ ಸಿಕ್ಕಿ ಕಣದ ಕ್ಯಾಮೆರಾ ಮಾಯವಾಗುತ್ತದೆ. ಗೋಡೌನಿನ ರೂಟರ್‌ನಲ್ಲಿ ನ್ಯಾಟ್ (ಒಳಗಿನ ಸಾಧನಗಳ ವಿಳಾಸವನ್ನು ರೂಟರ್‌ನ ಹೊರಗಿನ ವಿಳಾಸಕ್ಕೆ ಬದಲಿಸಿ ಕಳಿಸುವ ಕೆಲಸ) ಆಫ್ ಮಾಡಿ, ವ್ಯಾನ್‌ನಿಂದ ಲ್ಯಾನ್‌ಗೆ ಬರುವುದನ್ನು ಫೈರ್‌ವಾಲ್‌ನಲ್ಲಿ ಬಿಡಬೇಕು. ರೂಟಿಂಗ್ ಟೇಬಲ್ ದಾರಿ ಹೇಳುತ್ತದೆ, ಹೋಗಲು ಬಿಡಬೇಕೋ ಬೇಡವೋ ಅನ್ನುವುದು ಫೈರ್‌ವಾಲ್‌ನ ಕೆಲಸ. ಹೋಮ್‌ಸ್ಟೇಯ ಗೆಸ್ಟ್ ವೈಫೈಯಲ್ಲೂ ಇದನ್ನು ನೆನಪಿಡಿ. ಅದಕ್ಕೆ ಬೇರೆ ನೆಟ್‌ವರ್ಕ್ ಕೊಟ್ಟಮಾತ್ರಕ್ಕೆ ಅತಿಥಿಗಳು ನಿಮ್ಮ ಕಂಪ್ಯೂಟರ್‌ವರೆಗೆ ಬರುವುದು ನಿಲ್ಲುವುದಿಲ್ಲ, ಫೈರ್‌ವಾಲ್‌ನಲ್ಲಿ ತಡೆದರೆ ಮಾತ್ರ ನಿಲ್ಲುತ್ತದೆ.

ಎರಡು ತೊಡಕುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು, ಕೆಲವು ಕಡಿಮೆ ಬೆಲೆಯ ರೂಟರ್‌ಗಳು ತಮ್ಮ ಸ್ವಂತ ಲ್ಯಾನ್‌ಗೆ ಮಾತ್ರ ನ್ಯಾಟ್ ಮಾಡುತ್ತವೆ. ಆಗ ಗೋಡೌನಿನಲ್ಲಿ ನ್ಯಾಟ್ ಆಫ್ ಮಾಡಿದ ಕೂಡಲೇ ಅಲ್ಲಿನ ಸಾಧನಗಳಿಗೆ ನೆಟ್ ನಿಲ್ಲುತ್ತದೆ. ಎರಡು, ಕ್ಯಾಮೆರಾಕ್ಕೆ ಪಿಂಗ್ ಹೋಗುತ್ತದೆ, ಅದರ ಪುಟ ಮಾತ್ರ ತೆರೆಯುವುದಿಲ್ಲ ಅನ್ನುವ ಸ್ಥಿತಿ. ಇದರ ಕಾರಣ ಸ್ವಾರಸ್ಯವಾಗಿದೆ. ಹೋಗುವ ಪ್ಯಾಕೆಟ್ ಮನೆಯ ರೂಟರ್ ಮೂಲಕ ಹೋಗುತ್ತದೆ, ಆದರೆ ಬರುವ ಉತ್ತರ ಗೋಡೌನಿನ ರೂಟರ್‌ನಿಂದ ನೇರ ಲ್ಯಾಪ್‌ಟಾಪ್‌ಗೆ ಬರುತ್ತದೆ, ಯಾಕೆಂದರೆ ಎರಡೂ ಒಂದೇ 192.168.1.0ರಲ್ಲಿವೆ. ಮಾತುಕತೆಯ ಅರ್ಧವನ್ನು ಮಾತ್ರ ಕಂಡ ಮನೆಯ ರೂಟರ್‌ನ ಫೈರ್‌ವಾಲ್, ಏನೋ ಸರಿ ಇಲ್ಲ ಅಂತ ಮುಂದಿನ ಪ್ಯಾಕೆಟ್‌ಗಳನ್ನು ಬಿಸಾಡಬಹುದು. ಆಗ ಲ್ಯಾಪ್‌ಟಾಪ್‌ನಲ್ಲೇ ರೂಟ್ ಸೇರಿಸಿ. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ರೂಟ್ ಆ್ಯಡ್ 192.168.2.0 ಮಾಸ್ಕ್ 255.255.255.0 192.168.1.2’. ರೀಸ್ಟಾರ್ಟ್ ಆದರೆ ಇದು ಹೋಗುತ್ತದೆ. ಉಳಿಯಬೇಕಾದರೆ ‘ರೂಟ್’ ಆದ ಮೇಲೆ ಮೈನಸ್ ಪಿ ಸೇರಿಸಬೇಕು.

ಇಷ್ಟೆಲ್ಲ ಬೇಕಾ? ಬಹಳಷ್ಟು ಮನೆಗಳಿಗೆ ಬೇಡ. ಗೋಡೌನಿನ ರೂಟರ್ ಅನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ರೂಟಿಂಗ್ ಬಿಟ್ಟು ವೈಫೈ ಮಾತ್ರ ಕೊಡುವ ಮೋಡ್) ಹಾಕಿದರೆ ಎಲ್ಲವೂ 192.168.1.0ರಲ್ಲೇ ಇರುತ್ತದೆ, ಸ್ಟ್ಯಾಟಿಕ್ ರೂಟ್ ಬೇಕಾಗುವುದೇ ಇಲ್ಲ. ಬೇರೆ ನೆಟ್‌ವರ್ಕ್ ಬೇಕೇ ಬೇಕು ಅನ್ನುವ ಕಾರಣ ಇದ್ದವರಿಗೆ ಮಾತ್ರ ಮೇಲಿನ ದಾರಿ.

ಒಂದು ಮಾತು ರೂಟಿಂಗ್‌ಗೆ ಸೇರಿದ್ದಲ್ಲ, ಆದರೂ ಹೇಳದೆ ಇರಲಾರೆ. ಮನೆಯಿಂದ ಕಣಕ್ಕೆ ಬಯಲಿನಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. 100 ಮೀಟರ್ ಮಿತಿ ಒಂದು ಕಾರಣ, ಸಿಡಿಲು ಇನ್ನೊಂದು. ಹೂಮಳೆಯ ಕಾಲದ ಗುಡುಗು ಸಿಡಿಲಿಗೆ ಎರಡೂ ತುದಿಯ ರೂಟರ್‌ಗಳು ಒಟ್ಟಿಗೆ ಸುಟ್ಟುಹೋಗಬಹುದು. ಫೈಬರ್ ಎಳೆಯಿರಿ, ಇಲ್ಲವೇ ವೈರ್‌ಲೆಸ್ ಬ್ರಿಡ್ಜ್ ಹಾಕಿ.

## ಹಂತ 7: ಫೈಬರ್ ಜೊತೆಗೆ 4ಜಿ ಇಟ್ಟುಕೊಳ್ಳುವುದು

ಮಳೆಗಾಲಕ್ಕೆ ಎರಡನೇ ದಾರಿ ಇಟ್ಟುಕೊಳ್ಳುವುದು ಒಳ್ಳೆಯದು. ರೂಟರ್‌ಗೆ 4ಜಿ ಡಾಂಗಲ್ ಹಾಕಿದಾಗ ಟೇಬಲ್‌ನಲ್ಲಿ ಎರಡು ಡಿಫಾಲ್ಟ್ ರೂಟ್ ಬರುತ್ತದೆ. ಫೈಬರ್‌ಗೆ ಮೆಟ್ರಿಕ್ 10, 4ಜಿಗೆ 20 ಕೊಟ್ಟರೆ ಫೈಬರ್ ಇರುವಷ್ಟು ಹೊತ್ತು ಅದೇ ನಡೆಯುತ್ತದೆ.

ಆದರೆ ಹಂತ 5ರಲ್ಲಿ ಹೇಳಿದ ತೊಡಕು ಇಲ್ಲಿಯೂ ಇದೆ. ಹೊರಗೆ ಫೈಬರ್ ತುಂಡಾದರೂ ಅದರ ಸಾಲು ಟೇಬಲ್‌ನಲ್ಲೇ ಉಳಿದರೆ, ಮೆಟ್ರಿಕ್ 10 ಇರುವ ಸತ್ತ ದಾರಿಯೇ ಗೆಲ್ಲುತ್ತಿರುತ್ತದೆ. 4ಜಿ ಪಕ್ಕದಲ್ಲೇ ಸುಮ್ಮನೆ ಕೂತಿರುತ್ತದೆ. ಅದಕ್ಕಾಗಿ ರೂಟರ್‌ನಲ್ಲಿ ಆನ್‌ಲೈನ್ ಡಿಟೆಕ್ಷನ್ ಥರದ ಆಯ್ಕೆ ಇದ್ದರೆ ಆನ್ ಮಾಡಿ. ಅದು ಆಗಾಗ 8.8.8.8 ಥರದ ವಿಳಾಸಕ್ಕೆ ಪಿಂಗ್ ಮಾಡಿ, ಉತ್ತರ ಬರದಿದ್ದರೆ ಆ ದಾರಿಯನ್ನು ತೆಗೆದುಬಿಡುತ್ತದೆ. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ರೂಟರ್ ತಂತ್ರಾಂಶ ಬಳಸುವವರಿಗೆ ಎಂವ್ಯಾನ್3 ಅನ್ನುವ ಪ್ಯಾಕೇಜ್ ಇದೇ ಕೆಲಸಕ್ಕೆ ಇದೆ. ಪರೀಕ್ಷೆ ಮಾಡುವಾಗ ರೂಟರ್‌ನ ವ್ಯಾನ್ ಕೇಬಲ್ ಕೀಳಬೇಡಿ, ಫೈಬರ್ ಪೆಟ್ಟಿಗೆಯಿಂದ ಫೈಬರ್ ತುದಿಯನ್ನು ಮೆಲ್ಲಗೆ ಬಿಚ್ಚಿ. ನಿಜವಾಗಿ ಲೈನ್ ತುಂಡಾದಾಗ ಆಗುವುದು ಅದೇ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಅದರೊಳಗೆ ಇಣುಕಬೇಡಿ. ಫೈಬರ್ ಪೆಟ್ಟಿಗೆ, ರೂಟರ್ ಎರಡೂ ಯುಪಿಎಸ್ ಮೇಲೆ ಇರಲಿ.

## ಐಪಿವಿ6 ಟೇಬಲ್

ಇಲ್ಲಿಯವರೆಗೆ ನೋಡಿದ್ದು ಹಳೆಯ ಬಗೆಯ ಐಪಿ ವಿಳಾಸಗಳು. ಇನ್ನೂ ಉದ್ದದ, ಹೊಸ ಬಗೆಯ ವಿಳಾಸಗಳಾದ ಐಪಿವಿ6ಕ್ಕೆ ಬೇರೆಯೇ ಟೇಬಲ್ ಇದೆ, ಓದುವ ನಿಯಮಗಳು ಮಾತ್ರ ಅವೇ. ಡಿಫಾಲ್ಟ್ ರೂಟ್ ::/0 ಅಂತ ಕಾಣುತ್ತದೆ. ಗೇಟ್‌ವೇ ಎಫ್‌ಇ80ರಿಂದ ಶುರುವಾಗಿದ್ದರೆ ತಪ್ಪೇನೂ ಅಲ್ಲ, ಆ ವಿಳಾಸಗಳು ಒಂದೇ ಲಿಂಕ್ ಒಳಗೆ ಕೆಲಸ ಮಾಡುವಂಥವು, ಮುಂದಿನ ಹೆಜ್ಜೆಗೆ ಅಷ್ಟು ಸಾಕು. ಮನೆಯ ನೆಟ್‌ವರ್ಕ್‌ಗೆ ಸಾಮಾನ್ಯವಾಗಿ 2ರಿಂದ ಶುರುವಾಗುವ ಒಂದು /64 ಸಿಕ್ಕಿರುತ್ತದೆ. 100.64ರ ಗುಂಪಿನಲ್ಲಿ ಸಿಕ್ಕಿಕೊಂಡವರಿಗೆ ಇದರಿಂದ ಅನುಕೂಲ ಇದೆ. ಈ ವಿಳಾಸಗಳು ಪಬ್ಲಿಕ್ ಆಗಿರುವುದರಿಂದ ಕ್ಯಾಮೆರಾವೂ ನೋಡುವವರ ಫೋನೂ ಐಪಿವಿ6 ಬಳಸುತ್ತಿದ್ದರೆ, ರೂಟರ್‌ನ ಫೈರ್‌ವಾಲ್‌ನಲ್ಲಿ ಆ ಒಂದು ಕ್ಯಾಮೆರಾಕ್ಕೆ ಮಾತ್ರ ಬಾಗಿಲು ತೆರೆದು ಹೊರಗಿನಿಂದ ನೋಡಬಹುದು. ಕ್ಯಾಮೆರಾಕ್ಕೆ ಗಟ್ಟಿ ಪಾಸ್‌ವರ್ಡ್ ಹಾಕದೆ ಹಾಗೆ ಮಾಡಬೇಡಿ. ಕೆಲವು ಸೈಟ್‌ಗಳು ಮಾತ್ರ ತೆರೆಯುತ್ತವೆ, ಉಳಿದವು ನಿಧಾನ ಅನ್ನುವ ದೂರು ಇದ್ದರೆ ಎರಡೂ ಟೇಬಲ್‌ಗಳಲ್ಲಿ ಡಿಫಾಲ್ಟ್ ರೂಟ್ ಇದೆಯಾ ನೋಡಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕಾರಣ ಅಲ್ಲೇ ಇರಬಹುದು.